ಬೆಂಗಾವಲು ವ್ಯಾನು ಬೆನ್ನಿಗೆ ಅಂಟಿಕೊಂಡು ಬರುವುದು ಬೇಡ

ಮಾನ್ಯ ಸಂಪಾದಕರೇ,

ಗುಂಪಾಗಿ ಸೈಕಲ್ ಪ್ರವಾಸ ಹೊರಟಾಗ ಜೊತೆಗೊಂದು ಬೆಂಗಾವಲು ವ್ಯಾನು ಇರಲೇಬೇಕು. ಆದರೆ ಅದು ಎಲ್ಲಿರಬೇಕು ಅನ್ನುವುದರ ಬಗ್ಗೆ ಎಷ್ಟೋ ಆಯೋಜಕರು ತಲೆ ಕೆಡಿಸಿಕೊಳ್ಳುವುದಿಲ್ಲ.

ಸಾಮಾನ್ಯವಾಗಿ ವ್ಯಾನು ಕೊನೆಯ ಸವಾರರ ಹಿಂದೆ ತೆವಳುತ್ತಾ ಬರುತ್ತದೆ. ನೋಡುವವರಿಗೆ ಅದು ಕಾವಲಿನಂತೆ ಕಾಣುತ್ತದೆ. ಕಿರಿದಾದ ರಸ್ತೆಯಲ್ಲಿ ಆಗುವುದೇ ಬೇರೆ. ಗಂಟೆಗೆ 15-20 ಕಿ.ಮೀ. ವೇಗದ ವ್ಯಾನಿನ ಹಿಂದೆ ಲಾರಿ, ಬಸ್ಸು ಸಾಲುಗಟ್ಟುತ್ತವೆ. ಯಾರೋ ಒಬ್ಬರು ತಾಳ್ಮೆಗೆಟ್ಟು ಓವರ್‌ಟೇಕ್ ಮಾಡಲು ನುಗ್ಗುತ್ತಾರೆ. ವ್ಯಾನಿನ ಮುಂದೆ ಸೈಕಲ್‌ಗಳಿವೆ ಅಂತ ಅವರಿಗೆ ಕಾಣುವುದೇ ಇಲ್ಲ. ಎದುರಿನಿಂದ ವಾಹನ ಬಂತೆಂದು ಗಾಬರಿಯಿಂದ ತಮ್ಮ ಬದಿಗೆ ಎಳೆದರೆ ಸಿಕ್ಕಿಕೊಳ್ಳುವುದು ಸೈಕಲ್ ಸವಾರರೇ ಅಲ್ವಾ?

ವ್ಯಾನು ಹತ್ತು ಹದಿನೈದು ಕಿ.ಮೀ. ಮುಂದೆ ಹೋಗಿ, ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಲಿ. ಬಂದವರಿಗೆ ನೀರು, ಓಆರ್‌ಎಸ್ ಕೊಡಲಿ. ಕೊನೆಯವರು ದಾಟಿದ ಮೇಲೆ, ತಲೆ ಎಣಿಸಿ, ಮತ್ತೆ ಮುಂದಕ್ಕೆ ಹೋಗಲಿ. ಏರು ರಸ್ತೆಯಾದರೆ ಇನ್ನೂ ಹತ್ತಿರ ಹತ್ತಿರ ನಿಲ್ಲಬೇಕು. ಸುರಂಗ, ದಟ್ಟ ಮಂಜು ಇರುವ ಕಡೆ ಮಾತ್ರ ದೀಪ ಹಾಕಿಕೊಂಡು ಹಿಂದೆ ಬರುವುದು ಸರಿ.

200 ಕಿ.ಮೀ. ಮತ್ತು ಅದಕ್ಕೂ ಉದ್ದದ ಬ್ರೆವೆ ರೈಡ್‌ಗಳಲ್ಲಿ, ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳಲ್ಲಿ, ಹಿಂಬಾಲಿಸುವ ವಾಹನಕ್ಕೆ ಅವಕಾಶವೇ ಇಲ್ಲ. ಬೇರೆಯವರ ನೆರವು ದಾರಿಯಲ್ಲಿ ಗೊತ್ತುಮಾಡಿದ ತಪಾಸಣಾ ಸ್ಥಳಗಳಲ್ಲಿ (ಕಂಟ್ರೋಲ್ ಪಾಯಿಂಟ್) ಮಾತ್ರ. ಪ್ರವಾಸಕ್ಕೆ ಅಷ್ಟು ಬಿಗಿ ಬೇಡ, ನಿಜ. ಆದರೂ ಒಂದು ಟ್ಯೂಬ್, ಚಿಕ್ಕ ಪಂಪ್ ಪ್ರತಿಯೊಬ್ಬರ ಹತ್ತಿರವೂ ಇರಲಿ.

ವ್ಯಾನಿನ ಒಳಗಿನ ಸ್ಥಿತಿಯೂ ಅಷ್ಟಕ್ಕಷ್ಟೇ. ಎಲ್ಲರ ಬ್ಯಾಗುಗಳ ಅಡಿಯಲ್ಲಿ ಟೂಲ್ ಬಾಕ್ಸ್ ಹೂತುಹೋಗಿರುತ್ತದೆ. ಕಷ್ಟಪಟ್ಟು ಪಂಪ್ ಹೊರತೆಗೆದರೆ ಅದು ದಪ್ಪ ವಾಲ್ವ್‌ಗೆ ಹೊಂದುವಂಥದ್ದು, ಪಂಕ್ಚರ್ ಆದ ಚಕ್ರದ್ದೋ ಸಣ್ಣ ಪ್ರೆಸ್ಟಾ ವಾಲ್ವ್. ಎರಡನ್ನೂ ಹೊಂದಿಸಲು ಬೆರಳಿಗಿಂತ ಚಿಕ್ಕದಾದ ಒಂದು ಅಡಾಪ್ಟರ್ ಇದ್ದರೆ ಸಾಕಿತ್ತು. ಅದಿಲ್ಲದೆ ಇಡೀ ಗುಂಪು ಬಿಸಿಲಲ್ಲಿ ಸುಮ್ನೆ ನಿಲ್ಲಬೇಕು.

ಇನ್ನು ಸುಸ್ತಾದವರ ಮಾತು. ವ್ಯಾನು ಹತ್ತುವುದು ಅವಮಾನ ಅಂದುಕೊಂಡು ತಲೆ ಸುತ್ತುತ್ತಿದ್ದರೂ ತುಳಿಯುವವರಿದ್ದಾರೆ. ಟೂರ್ ಡಿ ಫ್ರಾನ್ಸ್‌ನಂಥ ಸ್ಪರ್ಧೆಯಲ್ಲೇ, ದಾರಿಯಲ್ಲಿ ಕೈಚೆಲ್ಲಿದವರನ್ನು ಹತ್ತಿಸಿಕೊಳ್ಳುವ ಗಾಡಿ 1910ರಿಂದ ಇದೆ. ಹತ್ತಬಹುದು, ಯಾರೂ ಏನೂ ಅನ್ನುವುದಿಲ್ಲ ಎಂದು ಆಯೋಜಕರು ಹೊರಡುವ ಮೊದಲೇ ಎಲ್ಲರೆದುರು ಹೇಳಲಿ.

ಇದೆಲ್ಲ ನಡೆಯುವುದು ಚಾಲಕರಿಂದ. ದಾರಿಯ ನಕ್ಷೆ, ಎಲ್ಲರ ಫೋನ್ ನಂಬರ್ ಅವರ ಕೈಯಲ್ಲಿರಬೇಕು, ಪ್ರಥಮ ಚಿಕಿತ್ಸೆ ಗೊತ್ತಿರಬೇಕು. ಚಾಲಕರು ಯಾರು, ವ್ಯಾನು ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನು ಆಯೋಜಕರು ಶುಲ್ಕ ಪಡೆಯುವ ಮೊದಲೇ ತಿಳಿಸಲಿ. ತಿಳಿಸದಿದ್ದರೆ ಸವಾರರು ಕೇಳಿಯೇ ಹಣ ಕೊಡಲಿ.

– ಒಬ್ಬ ಸೈಕಲ್ ಪ್ರವಾಸಿ