ಸೂರ್ಯಾಸ್ತದ ಸಮಯ ಬೆಂಗಳೂರಿನದು, ಕೆರೆ ಪುಣೆಯದು

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಪುಣೆ ಸುತ್ತಲಿನ ಕೆರೆ, ಜಲಾಶಯಗಳ ದಂಡೆಯಲ್ಲಿ ಸೂರ್ಯಾಸ್ತ ನೋಡುವ ಜಾಗಗಳ ಪಟ್ಟಿ ಬಂದಿತ್ತು. ಖಡಕ್‌ವಾಸಲಾ, ಪವನಾ, ಮುಳಶಿ, ಪಾಷಾಣ. ಹೆಸರುಗಳೆಲ್ಲ ಸರಿ, ಫೋಟೊಗಳೂ ಚೆನ್ನಾಗಿದ್ದವು. ಆದರೆ ಯಾವ ದಂಡೆಗೆ ನಿಲ್ಲಬೇಕು, ಯಾವ ತಿಂಗಳು ಹೋಗಬೇಕು, ಎಷ್ಟು ಹೊತ್ತಿಗೆ ಅಲ್ಲಿರಬೇಕು ಎಂಬುದರ ಸುಳಿವೇ ಇರಲಿಲ್ಲ. ಅದೇ ಸಂಚಿಕೆಯ ಒಳಪುಟದ ಮೂಲೆಯಲ್ಲಿ ಎಂದಿನಂತೆ ಬೆಂಗಳೂರಿನ ಸೂರ್ಯೋದಯ, ಸೂರ್ಯಾಸ್ತದ ಸಮಯ ಮಾತ್ರ ಅಚ್ಚಾಗಿತ್ತು. ಭೀಮಾ ನದಿ ಸೀಮೆಯ ಅಫಜಲಪುರ ಕಡೆಯಿಂದ ಬಂದು ಸಿಂಹಗಡ ರಸ್ತೆಯಲ್ಲಿ ನೆಲೆಸಿ, ಮೊಬೈಲಿನಲ್ಲಿ ನಿಮ್ಮ ಪತ್ರಿಕೆ ಓದುವ ನನ್ನಂಥವನಿಗೆ ಈ ಮೂಲೆಯ ಎರಡು ಸಾಲಿನ ಮೇಲೆ ಹಳೆಯ ಜಗಳವಿದೆ.

ಒಂದು ಮೇ ತಿಂಗಳ ನಡುವೆ ನಮ್ಮ ಭಾವ ಊರಿಂದ ಬಂದಿದ್ದರು. ಮುಳಶಿಗೆ ಹೊರಟೆವು. ಭಾವನ ಕೈಯಲ್ಲಿ ಪತ್ರಿಕೆಯ ಸಮಯ: 6.37. ‘ಲಗೂ ನಡಿ, ಸೂರ್ಯ ಮುಳಗತಾನ’ ಎಂದು ಅವರ ಅವಸರ. ಅದು ಬೆಂಗಳೂರಿನ ಲೆಕ್ಕ, ಇಲ್ಲಿ 7 ಗಂಟೆ ದಾಟುತ್ತದೆ ಎಂದು ನಾನು ದೊಡ್ಡ ಭೂಗೋಳ ಪಂಡಿತನಂತೆ ಹೇಳಿ, ದಾರಿಯಲ್ಲಿ ಪೌಡ್ ಹತ್ತಿರ ಗಾಡಿ ನಿಲ್ಲಿಸಿ ನಿಧಾನಕ್ಕೆ ಚಹಾ ಕುಡಿಸಿದೆ. ನೀರಿನ ದಂಡೆ ಮುಟ್ಟಿದಾಗ 6.50. ಸೂರ್ಯ ಇರಲಿಲ್ಲ. ಎದುರಿನ ಗುಡ್ಡದ ಹಿಂದೆ ಆಗಲೇ ಇಳಿದು ಹೋಗಿದ್ದ, ನೀರಿನ ಮೇಲೆಲ್ಲ ನೆರಳು. ‘ನಮ್ಮ ಪೇಪರಿನ ಟೈಮೇ ಬರೋಬ್ಬರಿ ಇತ್ತಲ್ಲಪಾ!’ ಎಂದು ಭಾವ ಅಂದದ್ದನ್ನು ನಮ್ಮ ಮನೆಯಲ್ಲಿ ಯಾರೂ ಮರೆಯಲು ಬಿಟ್ಟಿಲ್ಲ.

ನನ್ನ ಲೆಕ್ಕವೇನೂ ತಪ್ಪಿರಲಿಲ್ಲ. ಪುಣೆ ಬೆಂಗಳೂರಿಗಿಂತ ಪಶ್ಚಿಮಕ್ಕೂ ಇದೆ, ಉತ್ತರಕ್ಕೂ ಇದೆ. ಪಶ್ಚಿಮಕ್ಕಿರುವುದರಿಂದಲೇ ಸೂರ್ಯ ಸುಮಾರು 15 ನಿಮಿಷ ತಡವಾಗಿ ಮುಳುಗುತ್ತಾನೆ. ಅದರ ಮೇಲೆ ಬೇಸಿಗೆಯಲ್ಲಿ ಉತ್ತರದ ಹಗಲು ಉದ್ದ, ಚಳಿಗಾಲದಲ್ಲಿ ಗಿಡ್ಡ. ಹಾಗಾಗಿ ಎರಡು ಊರುಗಳ ಅಂತರ ಜೂನ್‌ನಲ್ಲಿ 25 ನಿಮಿಷ ಮುಟ್ಟಿದರೆ, ಡಿಸೆಂಬರಿನಲ್ಲಿ ಐದಾರು ನಿಮಿಷಕ್ಕೆ ಇಳಿಯುತ್ತದೆ. ನಾನು ಮರೆತದ್ದು ಗುಡ್ಡವನ್ನು. ಪತ್ರಿಕೆ, ಪಂಚಾಂಗಗಳ ಸಮಯವೆಲ್ಲ ಬಯಲು ದಿಗಂತದ್ದು. ಸೂರ್ಯ ಒಂದು ಡಿಗ್ರಿ ಇಳಿಯಲು ಸುಮಾರು ನಾಲ್ಕು ನಿಮಿಷ ಸಾಕು. ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಹೆಚ್ಚುಕಡಿಮೆ 10 ಡಿಗ್ರಿ. ಎದುರಿನ ಗುಡ್ಡ ಅರ್ಧ ಮುಷ್ಟಿ ಎತ್ತರವಿದ್ದರೆ 20 ನಿಮಿಷ ಹೋಯಿತೆಂದೇ ತಿಳಿಯಬೇಕು. ಸಹ್ಯಾದ್ರಿಯ ಮಗ್ಗುಲಿನ ಜಲಾಶಯಗಳಲ್ಲಿ ಅರ್ಧ ಮುಷ್ಟಿ ಏನು ಮಹಾ! ಹೋದ ಕೂಡಲೇ ಮೊದಲು ಕೈ ಚಾಚಿ ಗುಡ್ಡ ಅಳೆಯುವುದು ಈಗ ನನ್ನ ಚಟವಾಗಿದೆ. ಪಕ್ಕದಲ್ಲಿ ನಿಂತವರು ಯಾವುದೋ ಯೋಗಾಸನ ಎಂದುಕೊಳ್ಳುತ್ತಾರೆ.

ಇನ್ನು ತಿಂಗಳ ಮಾತು. ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುವುದು ವರ್ಷದಲ್ಲಿ ಎರಡೇ ಸಲ, ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸು. ಪುಣೆಯಲ್ಲಿ ಜೂನ್‌ನಲ್ಲಿ ಅವನು ಪಶ್ಚಿಮದಿಂದ 25 ಡಿಗ್ರಿಯಷ್ಟು ಬಲಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ಎಡಕ್ಕೆ ಸರಿದಿರುತ್ತಾನೆ. ಒಟ್ಟು ಐದು ಮುಷ್ಟಿ! ಖಡಕ್‌ವಾಸಲಾ ಚೌಪಾಟಿಯಲ್ಲಿ ಒಂದೇ ಕಾಂದಾ ಭಜಿ ಗಾಡಿಯ ಪಕ್ಕ ನಿಂತು ಬೇಸಿಗೆಯಲ್ಲೊಮ್ಮೆ ಚಳಿಗಾಲದಲ್ಲೊಮ್ಮೆ ನೋಡಿ, ಗುಡ್ಡವೇ ಬದಲಾಗಿರುತ್ತದೆ. ಇಂಥ ಜಾಗ ಶ್ರೇಷ್ಠ ಎಂದು ಬರೆಯುವವರು ಇಂಥ ತಿಂಗಳಲ್ಲಿ ಎಂದು ಸೇರಿಸದಿದ್ದರೆ ಅರ್ಧ ವಿಳಾಸ ಕೊಟ್ಟಂತೆ.

ಖಡಕ್‌ವಾಸಲಾ ಎಂದಾಗ ಒಂದು ಮಾತು ಬಿಟ್ಟರೆ ಕನ್ನಡಿಗನಿಗೆ ನಿದ್ದೆ ಬಾರದು. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಮೊದಲು ಕೂಡಿಸಿದ್ದು ಇಲ್ಲೇ, 1903ರಲ್ಲಿ. ಕೃಷ್ಣರಾಜಸಾಗರಕ್ಕೆ ಆ ಬಗೆಯ ಗೇಟು ಬಂದದ್ದು ಆಮೇಲೆ. 1961ರ ಜುಲೈ 12ರಂದು ಮೇಲಿನ ಪಾನ್‌ಶೇತ್ ಅಣೆಕಟ್ಟು ಒಡೆದಾಗ ಖಡಕ್‌ವಾಸಲಾದ ಹಳೆ ಕಟ್ಟೆಯೂ ಒಡೆದು ಪುಣೆ ನಗರವೇ ಮುಳುಗಿತು. ಚೌಪಾಟಿಯಲ್ಲಿ ಸುಟ್ಟ ಮೆಕ್ಕೆತೆನೆ ಕಡಿಯುತ್ತ ನಿಂತವರಲ್ಲಿ ಎಷ್ಟು ಜನ ಆ ಕಟ್ಟೆಯ ಕಡೆ ತಿರುಗಿ ನೋಡುತ್ತಾರೋ.

ಪಟ್ಟಿಯಲ್ಲಿದ್ದ ಪವನಾ ಬಗ್ಗೆ ನನ್ನ ತಕರಾರಿಲ್ಲ. ತಿಕೋನಾ ಕೋಟೆಯ ಮೇಲೆ ನಿಂತರೆ ಕೆಳಗೆ ನೀರು, ಆಚೆ ದಡಕ್ಕೆ ಶಂಖ ಬೋರಲು ಹಾಕಿದಂತೆ ತುಂಗ್ ಕೋಟೆ. ಆದರೆ ಮೇಲೆ ಸೂರ್ಯಾಸ್ತ ನೋಡಿದವರು ಕತ್ತಲಲ್ಲಿ ಆ ಕಡಿದಾದ ಮೆಟ್ಟಿಲು ಇಳಿಯಬೇಕಾಗುತ್ತದೆ ಎಂದೂ ಬರೆಯಬೇಕಿತ್ತು. ಪಾಷಾಣ ಕೆರೆಗೆ ನಾನು ಹೋಗುವುದು ಹಕ್ಕಿಗಳಿಗಾಗಿ. ಅಲ್ಲಿ ಅಂತರಗಂಗೆ ಹಬ್ಬಿದಾಗ ಸೂರ್ಯನ ಬಿಂಬ ಕಾಣಲು ನೀರೇ ಇರುವುದಿಲ್ಲ.

ಎಲ್ಲರೂ ಮಾಡುವ ಇನ್ನೊಂದು ತಪ್ಪೆಂದರೆ ಸೂರ್ಯ ಮರೆಯಾದ ಮರುಗಳಿಗೆ ಗಾಡಿ ಸ್ಟಾರ್ಟ್ ಮಾಡುವುದು. ಬಣ್ಣ ಏರುವುದೇ ಆಮೇಲೆ, ಹತ್ತು ಹದಿನೈದು ನಿಮಿಷ ಬಿಟ್ಟು. ನಮಗೆ ಕಾಣದ ಸೂರ್ಯ ಎತ್ತರದ ಮೋಡಗಳಿಗೆ ಇನ್ನೂ ಕಾಣುತ್ತಿರುತ್ತಾನೆ, ಅವುಗಳ ಹೊಟ್ಟೆಗೆ ಕೆಳಗಿನಿಂದ ಬೆಳಕು ಹೊಡೆಯುತ್ತದೆ. ಸಂಜೆ ಗಾಳಿ ಬಿದ್ದು ನೀರು ಕದಲದೆ ನಿಂತಿದ್ದರೆ ಅದೇ ಬಣ್ಣ ಎರಡು ಪಟ್ಟು. ಮೋಡವೇ ಇಲ್ಲದ ಬೇಸಿಗೆಯ ಧೂಳಿನ ಸಂಜೆಯಲ್ಲಿ ಇದು ಸಿಗುವುದಿಲ್ಲ. ಮಳೆ ಗಾಳಿಯನ್ನು ತೊಳೆದು ಹೋದ ಮೇಲೆ, ಚೂರುಪಾರು ಮೋಡ ಉಳಿದಿರುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ನನ್ನ ಆಯ್ಕೆ. ನಮ್ಮ ಕಡೆ ಮುಸ್ಸಂಜೆ ಚಿಕ್ಕದು, ಅರ್ಧ ಗಂಟೆಯೊಳಗೆ ಕತ್ತಲು. ಅಷ್ಟಕ್ಕೇ ಆ ಅವಸರವೇ?

ಪಟ್ಟಿಯಲ್ಲಿ ಪೂರ್ವದ ಒಂದು ಹೆಸರೂ ಇಲ್ಲದ್ದು ನನಗೆ ಎಲ್ಲಕ್ಕಿಂತ ದೊಡ್ಡ ಕೊರತೆ ಎನಿಸಿತು. ಪಶ್ಚಿಮದ ಸೂರ್ಯನನ್ನು ನೋಡಲು ಪುಣೆಯವರೆಲ್ಲ ಪಶ್ಚಿಮಕ್ಕೇ ಹೋಗಿ ಗುಡ್ಡಕ್ಕೆ ಮುಖ ಕೊಟ್ಟು ನಿಲ್ಲುತ್ತಾರೆ. ಸೊಲ್ಲಾಪುರ ರಸ್ತೆಯಲ್ಲಿ ಸುಮಾರು 100 ಕಿ.ಮೀ. ಹೋದರೆ ಭಿಗವಣ. ಅಲ್ಲಿ ಉಜನಿ ಅಣೆಕಟ್ಟಿನ ಹಿನ್ನೀರು, ಸುತ್ತ ನಮ್ಮ ಸೀಮೆಯಂತೆಯೇ ಬಯಲು. ಚಳಿಗಾಲದಲ್ಲಿ ಕುಂಭಾರಗಾಂವ್‌ನ ಮೀನುಗಾರರ ದೋಣಿ ಹತ್ತಿದರೆ ರಾಜಹಂಸಗಳ (ಫ್ಲೆಮಿಂಗೊ) ಹಿಂಡು, ಅವುಗಳ ಬೆನ್ನಿಗೆ ಅಡ್ಡಿಯಿಲ್ಲದ ದಿಗಂತ. ದಿಗಂತ ಮುಟ್ಟುವಾಗ ಸೂರ್ಯ ಕೆಳಗಿನಿಂದ ಒತ್ತಿದ ಭಕ್ಕರಿ ಹಿಟ್ಟಿನ ಮುದ್ದೆಯಂತೆ ಚಪ್ಪಟೆಯಾಗುವುದನ್ನು ನಾನು ನೋಡಿದ್ದು ಅಲ್ಲೇ. ಬೆಳಕು ಗಾಳಿಯಲ್ಲಿ ಬಾಗುವುದರಿಂದ ಹಾಗಾಗುತ್ತದೆ. ಗುಡ್ಡದ ಹಿಂದೆ ಇಳಿಯುವ ಸೂರ್ಯನಲ್ಲಿ ಇದು ಕಾಣುವುದಿಲ್ಲ.

ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ. ಅದು ನಮ್ಮ ಭೀಮೆಯ ನೀರು. ಖಡಕ್‌ವಾಸಲಾದಿಂದ ಹೊರಟ ಮುಠಾ ನದಿ ಪುಣೆಯಲ್ಲಿ ಮುಳಾ ನದಿಯನ್ನು ಕೂಡಿ, ಮುಂದೆ ಭೀಮೆಗೆ ಸೇರಿ, ಉಜನಿ, ಪಂಢರಪುರ ದಾಟಿ ಗಾಣಗಾಪುರದ ಸಂಗಮಕ್ಕೆ ಬರುತ್ತದೆ. ಮುಳಶಿಯ ನೀರು ಮಾತ್ರ ನಮಗಿಲ್ಲ. ವಿದ್ಯುತ್ತಿಗಾಗಿ ಘಟ್ಟ ಇಳಿಸಿ ಅದನ್ನು ಕೊಂಕಣಕ್ಕೆ ಬಿಡುತ್ತಾರೆ. ಆ ಅಣೆಕಟ್ಟಿನ ವಿರುದ್ಧ 1921ರಲ್ಲಿ ಶುರುವಾದ ಸತ್ಯಾಗ್ರಹವನ್ನು ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟರು ಮುನ್ನಡೆಸಿದ್ದರು. ಊರುಗಳು ಉಳಿಯಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ಆ ಮೂಲೆಯ ಎರಡು ಸಾಲಿನ ಕೆಳಗೆ ಪುಣೆ, ಮುಂಬಯಿ, ಪಣಜಿಗಳಿಗೂ ಒಂದೊಂದು ಸಾಲು ಕೊಡಿ. ಈ ಊರುಗಳಲ್ಲಿ ನಿಮ್ಮನ್ನು ಓದುವವರು ಕಡಿಮೆಯಿಲ್ಲ, ಸಂಧ್ಯಾವಂದನೆ ಮಾಡುವವರೂ ರೋಜಾ ಬಿಡುವವರೂ ಇದ್ದಾರೆ. ಡಿಸೆಂಬರಿನಲ್ಲಿ ಐದಾರು ನಿಮಿಷದ ಮಾತು, ತಡವಾದರೂ ನಡೆದೀತು. ಮೇ ತಿಂಗಳೊಳಗೆ ಶುರುವಾದರೆ ಉಪಕಾರ. ಭಾವ ಮತ್ತೆ ಬರುವವರಿದ್ದಾರೆ.

ಇಂತಿ,
ಒಬ್ಬ ಓದುಗ
ಸಿಂಹಗಡ ರಸ್ತೆ, ಪುಣೆ