ನಮ್ಮ ಲ್ಯಾಬಿಗೊಂದು ಫ್ರೀಜರ್ ಕೊಡಿಸಿ

ಆತ್ಮೀಯರೇ,

ಮುರಿದ ಮೂಳೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಕೂಡಿಕೋ ಅಂತ ಅದಕ್ಕೆ ಹೇಳೋದು ಯಾರು?

1965ರಲ್ಲಿ ಅಮೆರಿಕದ ಮೂಳೆ ಸರ್ಜನ್ ಮಾರ್ಷಲ್ ಯೂರಿಸ್ಟ್ ಇದಕ್ಕೊಂದು ಸುಳಿವು ಕೊಟ್ಟರು. ಮೂಳೆಯನ್ನು ಆಸಿಡ್‌ನಲ್ಲಿ ನೆನೆಸಿ, ಕ್ಯಾಲ್ಸಿಯಂ ಎಲ್ಲ ಹೋದ ಮೇಲೆ ಉಳಿದ ತುಂಡನ್ನು ಪ್ರಾಣಿಯ ಮಾಂಸಖಂಡದೊಳಗೆ ಇಟ್ಟರು. ಕೆಲವು ವಾರಗಳಲ್ಲಿ ಅಲ್ಲೇ ಹೊಸ ಮೂಳೆ ಬೆಳೆದಿತ್ತು. ಮಾಂಸದ ನಡುವೆ ಮೂಳೆ! ತುಂಡಿನಲ್ಲಿದ್ದ ಯಾವುದೋ ಪ್ರೋಟೀನ್ ಇದನ್ನು ಮಾಡಿಸುತ್ತಿದೆ ಅನ್ನಿಸಿತು. ಮುಂದೆ ಅದಕ್ಕೆ ಬಿಎಂಪಿ (ಬೋನ್ ಮಾರ್ಫೋಜೆನೆಟಿಕ್ ಪ್ರೋಟೀನ್, ಅಂದರೆ ಮೂಳೆ ರೂಪಿಸುವ ಪ್ರೋಟೀನ್) ಅಂತ ಹೆಸರಾಯಿತು. ಹೆಸರೇನೋ ಸಿಕ್ಕಿತು, ಪ್ರೋಟೀನ್ ಸಿಗಲಿಲ್ಲ. ಕಿಲೋಗಟ್ಟಲೆ ಮೂಳೆ ಪುಡಿ ಮಾಡಿದರೂ ಬರೋದು ಚೂರೇ ಚೂರು. 1981ರಲ್ಲಿ ವಿಜ್ಞಾನಿಗಳಾದ ಸಂಪತ್ ಮತ್ತು ಹರಿ ರೆಡ್ಡಿ ಅದನ್ನು ಮೂಳೆಪುಡಿಯಿಂದ ಬಿಡಿಸಿ, ವಾಪಸ್ ಸೇರಿಸಿದರೆ ಪುಡಿಗೆ ಮೂಳೆ ಬೆಳೆಸುವ ಶಕ್ತಿ ಮರಳುತ್ತದೆ ಅಂತ ತೋರಿಸಿದರು. 1988ರಲ್ಲಿ ವಿಜ್ಞಾನಿ ಜಾನ್ ವೋಜ್ನಿ ತಂಡಕ್ಕೆ ಅದರ ಜೀನ್‌ಗಳು ಸಿಕ್ಕವು; ಬಿಎಂಪಿ ಒಂದಲ್ಲ, ಹಲವು ಪ್ರೋಟೀನ್‌ಗಳ ಬಳಗ. ಲೆಕ್ಕ ಹಾಕಿ, 23 ವರ್ಷ.

ಹೆಸರಲ್ಲಿ ಮೂಳೆ ಇದೆ ಅಷ್ಟೇ, ಈ ಪ್ರೋಟೀನ್‌ಗಳ ಕೆಲಸ ಅಲ್ಲಿಗೇ ನಿಲ್ಲುವುದಿಲ್ಲ. ಬಿಎಂಪಿ-7 ಇಲ್ಲದ ಇಲಿಮರಿಗಳಲ್ಲಿ ಕಿಡ್ನಿ, ಕಣ್ಣು ಸರಿಯಾಗಿ ಬೆಳೆಯುವುದಿಲ್ಲ. ಇದೇ ಬಳಗದ ಮಯೋಸ್ಟಾಟಿನ್ ಉಲ್ಟಾ ಕೆಲಸದ್ದು: ಮಾಂಸಖಂಡ ಜಾಸ್ತಿ ಬೆಳೆಯದಂತೆ ತಡೆಯುತ್ತದೆ.

ನಮ್ಮ ಲ್ಯಾಬಿನಲ್ಲಿ ಇಲಿಯ ಸ್ನಾಯುಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಬಿಎಂಪಿ-2 ಹಾಕುತ್ತೇವೆ. ಕೆಲವು ದಿನ ಬಿಟ್ಟು ಬಣ್ಣ ಹಾಕಿದರೆ, ಸ್ನಾಯುವಾಗಬೇಕಿದ್ದ ಕೋಶಗಳು ಮೂಳೆಕೋಶಗಳ ಹಾಗೆ ನೇರಳೆಗೆ ತಿರುಗಿರುತ್ತವೆ. ಎಷ್ಟು ಸಲ ನೋಡಿದರೂ ಬೇಜಾರಾಗಲ್ಲ.

ಇದರಿಂದ ನಾಳೆಯೇ ಔಷಧ ಬರುತ್ತದೆ ಅಂತ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಬಿಎಂಪಿ-2 ಈಗಾಗಲೇ ಬೆನ್ನುಮೂಳೆ ಸರ್ಜರಿಯಲ್ಲಿ ಬಳಕೆಯಲ್ಲಿದೆ. ಆದರೆ ಅದರಿಂದ ಕೆಲವರಿಗೆ ಊತ ಬಂದಿದೆ, ಬೇಡದ ಜಾಗದಲ್ಲಿ ಮೂಳೆ ಬೆಳೆದಿದೆ. ಎಷ್ಟು, ಎಲ್ಲಿ, ಎಷ್ಟು ದಿನ ಕೊಡಬೇಕು ಅನ್ನೋದೇ ನಮ್ಮ ಕೆಲಸ.

ಹೋದ ವರ್ಷ ಒಂದು ರಾತ್ರಿ ನಮ್ಮ ಹಳೆಯ ಫ್ರೀಜರ್ ಕೆಟ್ಟಿತು. ಬೆಳಿಗ್ಗೆ ಬಾಗಿಲು ತೆಗೆದಾಗ ನೆಲವೆಲ್ಲ ನೀರು. ಎಂಟು ತಿಂಗಳ ಸ್ಯಾಂಪಲ್ ಕರಗಿಹೋಗಿತ್ತು. ಮೈನಸ್ 80 ಡಿಗ್ರಿಯ ಹೊಸ ಫ್ರೀಜರ್, ಕೆಟ್ಟರೆ ಫೋನಿಗೆ ಸುದ್ದಿ ಕೊಡುವ ಅಲಾರಂ, ಒಂದು ವರ್ಷಕ್ಕಾಗುವಷ್ಟು ಕೋಶ ಬೆಳೆಸುವ ದ್ರವ: ನಿಮ್ಮ ದೇಣಿಗೆ ಹೋಗುವುದು ಈ ಮೂರಕ್ಕೆ ಮಾತ್ರ.

ಎಷ್ಟೇ ಕೊಟ್ಟರೂ ರಸೀದಿ ಕೊಡುತ್ತೇವೆ, ವರ್ಷದ ಕೊನೆಗೆ ಖರ್ಚಿನ ಲೆಕ್ಕ ಕಳಿಸುತ್ತೇವೆ. ಲ್ಯಾಬ್ ನೋಡಬೇಕು ಅನ್ನುವವರು ಮೊದಲೇ ತಿಳಿಸಿ ಬನ್ನಿ, ನೇರಳೆ ತಟ್ಟೆ ತೋರಿಸುತ್ತೇವೆ. ಯಾರ ಸಂಸ್ಥೆಯಲ್ಲಾದರೂ ಇಂಥ ಫ್ರೀಜರ್ ಸುಮ್ನೆ ಕೂತಿದ್ದರೆ ಅದೂ ಆದೀತು. ಹಳೇದಾದರೂ ಪರವಾಗಿಲ್ಲ, ಕಂಪ್ರೆಸರ್ ಗಟ್ಟಿಯಿರಲಿ.

ಇಂತಿ,
ಟ್ರಸ್ಟಿನ ಕಾರ್ಯದರ್ಶಿ