ಡ್ರೋನ್ ಪಾಠ ಎಲ್ಲ ಜವಾನರಿಗೂ ಸಿಗಲಿ

ಮಾನ್ಯರೇ,

ಉಕ್ರೇನ್ ಯುದ್ಧದಲ್ಲಿ ಸ್ಮಾರ್ಟ್‌ಫೋನ್ ಬೆಲೆಯ ಡ್ರೋನ್ ಕೋಟಿಗಟ್ಟಲೆ ಬೆಲೆಯ ಟ್ಯಾಂಕನ್ನು ಸುಟ್ಟುಹಾಕುತ್ತಿದೆ. ರೇಡಿಯೊ ಸಿಗ್ನಲ್ ತಡೆದರೆ ಡ್ರೋನ್ ಬೀಳುತ್ತಿತ್ತು. ಆಮೇಲೆ ತೆಳ್ಳನೆಯ ಆಪ್ಟಿಕಲ್ ಫೈಬರ್ ಬಿಚ್ಚುತ್ತಾ ಹಾರುವ ಡ್ರೋನ್ ಬಂತು. ಸಿಗ್ನಲ್ ಹೋಗುವುದು ಆ ಫೈಬರ್ ಎಳೆಯಲ್ಲೇ, ಹಾಗಾಗಿ ಅದರ ಮುಂದೆ ರೇಡಿಯೊ ತಡೆಯುವ ಜಾಮರ್ ಆಟ ನಡೆಯುವುದಿಲ್ಲ. ಈಗ ಅದನ್ನು ಹೊಡೆದುರುಳಿಸಲು ಅಲ್ಲಿನ ಸೈನಿಕರು ಹಕ್ಕಿ ಹೊಡೆಯುವ ಶಾಟ್‌ಗನ್ ಹಿಡಿದಿದ್ದಾರೆ!

ನಮ್ಮ ಸೇನೆಯೂ ಕಾಲಾಳು ಬೆಟಾಲಿಯನ್‌ಗಳಿಗೆ ಡ್ರೋನ್ ಪ್ಲಟೂನ್ (ಡ್ರೋನ್‌ಗೆಂದೇ ಇರುವ ಸಣ್ಣ ತುಕಡಿ) ಕೊಡುವುದಾಗಿ 2025ರ ಜುಲೈನಲ್ಲಿ ಹೇಳಿದೆ. ಒಳ್ಳೆಯದೇ. ಆದರೆ ಡ್ರೋನ್ ಅಂದರೆ ಆ ಪ್ಲಟೂನಿನವರ ಕೆಲಸ ಅಂತ ಉಳಿದವರು ಸುಮ್ನೆ ಇರುವಂತಾಗಬಾರದು. ತಲೆ ಮೇಲೆ ಅದರ ಸದ್ದು ಕೇಳಿದಾಗ ಎಲ್ಲಿ ಅಡಗಬೇಕು, ಹೇಗೆ ಹೊಡೆಯಬೇಕು ಅನ್ನುವುದು ಪ್ರತಿ ಜವಾನನಿಗೂ ಗೊತ್ತಿರಬೇಕು, ಅಲ್ವಾ? ಅಗ್ನಿವೀರರ ತರಬೇತಿಯಲ್ಲಿ ರೈಫಲ್‌ನಷ್ಟೇ ಸಮಯ ಇದಕ್ಕೂ ಕೊಡಲಿ.

– ಓದುಗ, ಬೆಳಗಾವಿ